ತೊದಲು ಮುಚ್ಚಿಡಲು ಹೋಗಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ, ಮಾತಾಡಿ ಅಭ್ಯಾಸ ಮೊದಲೇ ಇಲ್ಲ. ಯಾಕೆಂದರೆ ನನಗೆ ತೊದಲು. ತೊದಲಿನಿಂದ ಆದ ಫಜೀತಿ ಕಡಿಮೆ. ತೊಂಬತ್ತೊಂದರಲ್ಲಿ ಕಾರ್ಖಾನೆ ಸೇರಿದಾಗಿನಿಂದ ಅದನ್ನು ಮುಚ್ಚಿಡಲು ಹೋಗಿ ಆದದ್ದು ಮಾತ್ರ ವಾರಕ್ಕೊಂದು.

೧. ಬಸ್ಸು

ನನಗೆ ‘ಪ’ ಹೊರಡುವುದಿಲ್ಲ. ಕಾರ್ಖಾನೆ ಇರುವುದೋ ಪೀಣ್ಯದಲ್ಲಿ. ಹಾಗಾಗಿ ಮುಂದಿನ ಸ್ಟಾಪಾದ ಜಾಲಹಳ್ಳಿ ಕ್ರಾಸಿಗೆ ಟಿಕೆಟ್ ಕೇಳಿ, ಅಲ್ಲಿಳಿದು ಹಿಂದಕ್ಕೆ ನಡೆಯುತ್ತಿದ್ದೆ. (ಪೀಣ್ಯದಲ್ಲೇ ಇಳಿಯಬಹುದಿತ್ತಲ್ಲ ಎನ್ನಬೇಡಿ. ಯಾಕೆ ಇಳಿದಿರಿ ಎಂದು ಕಂಡಕ್ಟರ್ ಕೇಳಿದರೆ ಮತ್ತೆ ಮಾತಾಡಬೇಕಲ್ಲ!)

ಒಂದು ದಿನ ಅವನು ಹಿಡಿದೇಬಿಟ್ಟ. “ಏನ್ ಸಾರ್, ದಿನಾ ವಾಪಸ್ ನಡ್ಕೊಂಡ್ ಹೋಗ್ತೀರಾ?”

“ವಾಕಿಂಗ್” ಅಂದೆ.

ಅವನು ಮೆಚ್ಚಿಕೊಂಡು, ಪಕ್ಕದಲ್ಲಿದ್ದ ಸಕ್ಕರೆ ಕಾಯಿಲೆಯ ಹಿರಿಯರಿಗೆ “ನೋಡಿ ಕಲೀರಿ” ಅಂದ. ಮಾರನೆಯ ದಿನದಿಂದ ಅವರೂ ನನ್ನ ಜೊತೆ. ಎರಡಕ್ಷರ ತಪ್ಪಿಸಿಕೊಳ್ಳಲು ಹೋಗಿ ದಿನಾ ಒಂದು ಮೈಲಿ ಮಾತಾಡುವ ಹಾಗಾಯಿತು.

೨. ಫೋನು

ಇಡೀ ವಿಭಾಗಕ್ಕೆ ಒಂದೇ ಫೋನು, ಅದೂ ನನ್ನ ಮೇಜಿನ ಪಕ್ಕ. ಗಂಟೆ ಹೊಡೆದರೆ ನಾನು ಬಾತ್‌ರೂಮಿಗೆ. ದಾವಣಗೆರೆ ಕಡೆಯ ನಮ್ಮ ಮ್ಯಾನೇಜರು ಕರುಳುಳ್ಳವರು. “ಹೊಟ್ಟಿ ಸರಿ ಇಲ್ಲೇನಪ್ಪ?” ಎಂದು ಮನೆಯಿಂದ ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ ತರತೊಡಗಿದರು. ನಿಜ ಹೇಳಲು ನಾಚಿಕೆ. ಆರು ತಿಂಗಳು ಕುಡಿದೆ. ಏಳನೆಯ ತಿಂಗಳು ಹೊಟ್ಟೆ ನಿಜವಾಗಿಯೇ ಕೆಟ್ಟಿತು.

೩. ಪ್ರತಿಜ್ಞೆ

“ಸೂಪರ್‌ವೈಸರ್ ಆಗ್ಬೇಕಂದ್ರ ಈ ಸಲ ಸುರಕ್ಷತಾ ಪ್ರತಿಜ್ಞೆ ನೀನೇ ಹೇಳಿಸ್ಬೇಕು ನೋಡಪ್ಪ” ಅಂದರು ಅದೇ ಮ್ಯಾನೇಜರು. (ಪ್ರತಿಜ್ಞೆ ಎಂದರೆ ಒಬ್ಬರು ಹೇಳುವುದು, ಉಳಿದವರು ಕೈ ಚಾಚಿ ಅದನ್ನೇ ಹೇಳುವುದು.) ರಜಾ ಚೀಟಿ ಬರೆದಿಟ್ಟಿದ್ದೆ. ಎಂಟು ವರ್ಷ ಓಡಿದ್ದು ಸಾಕೆನಿಸಿ ಅದನ್ನು ಹರಿದೆ.

ಮುಂದಿನ ಸಾಲಿನಲ್ಲಿ ಗದಗ ಕಡೆಯಿಂದ ಹೊಸದಾಗಿ ಬಂದ ಕಾರ್ಮಿಕರು. “ಇವ್ರು ಹೇಳಿದ್ದನ್ನ ಹಂಗೇ ಹೇಳ್ಬೇಕು, ಒಂದಕ್ಷರ ಬಿಡಂಗಿಲ್ಲ” ಎಂದು ಮ್ಯಾನೇಜರು ಅವರಿಗೆ ತಾಕೀತು ಮಾಡಿದರು.

“ನಾ... ನಾ... ನಾನು” ಅಂದೆ.

“ನಾ... ನಾ... ನಾನು!” ಅಂದರು ಅವರು, ಅವರ ಹಿಂದೆಯೇ ಹಳಬರೂ, ಒಟ್ಟು ಇನ್ನೂರು ಜನ.

ಮುಂದುವರಿಸಿದೆ. “ಪ್ರ... ಪ್ರ... ಪ್ರತಿದಿನ.”

“ಪ್ರ... ಪ್ರ... ಪ್ರತಿದಿನ!” ಭಕ್ತಿಯಿಂದ ಹೇಳಿದರು. ಒಬ್ಬರೂ ನಗಲಿಲ್ಲ. ಕೊನೆಗೆ ನಾನೇ ನಕ್ಕುಬಿಟ್ಟೆ.

ಅದನ್ನೂ ಬಿಡಲಿಲ್ಲ, “ಹಹ್ಹಹ್ಹಾ!” ಅಂದರು.

ಮುಗಿದ ಮೇಲೆ ಅವರಲ್ಲೊಬ್ಬ ಬಂದು ಕೈಮುಗಿದ. “ಹಿಂದಿನ ಕಂಪನಿಯಾಗ ಗಡಿಬಿಡಿಲೆ ಹೇಳಿಸ್ತಿದ್ರು ಸಾರ್, ಒಂದೂ ತಿಳೀತಿರ್ಲಿಲ್ಲ. ನೀವು ಮೂರ್ಮೂರು ಸಲ ಹೇಳಿಸಿದ್ರಿ ನೋಡ್ರಿ, ಬಾಯಿಪಾಠ ಆತು!”

ಸೂಪರ್‌ವೈಸರ್ ಆದೆ. ಆದರೆ ಆ ನಗು ಬಂದ ಮೇಲೆ ತೊದಲು ಹೋಗದಿದ್ದರೂ ಅದರ ಭಯ ಹೋಯಿತು, ಅದಕ್ಕೆ ಕಾರಣ ಎರಡು. ಒಂದನೆಯದು, ಇನ್ನೂರು ಜನ ಒಟ್ಟಿಗೆ ತೊದಲಿದರೆ ಯಾವುದು ಯಾರ ತೊದಲು ಎಂದು ಗೊತ್ತಾಗುವುದಿಲ್ಲ. ಎರಡನೆಯದು ಏನಪ್ಪಾ ಅಂದರೆ... ಇರಿ, ಕಾರ್ಖಾನೆಯ ಕೆಳಮಹಡಿಯಿಂದ ಕೂಗುತ್ತಿದ್ದಾರೆ.

“ಸಾರ್, ಮತ್ತ ಹೊಸಬ್ರು ಬಂದಾರ! ನೀವ ಬಂದು ಪ್ರತಿಜ್ಞೆ ಹೇಳಿಸ್ಬೇಕಂತ!”

“ಬ... ಬ... ಬಂದೆ!”