ಅಂಗೈ ನುಂಗಿದ ಕುಬೊಕಿ

ಮೀನುಕಡುಬಿನ ಕಾರ್ಖಾನೆಯ ಕೆಂಡೊ ತಂಡದ ನಾಯಕ ಸಕಾಗಾಮಿ ಪಂದ್ಯವಿದ್ದ ಭಾನುವಾರ ಬೆಳಿಗ್ಗೆ ಬಿದ್ದ ಚಮಚ ಎತ್ತಿಕೊಳ್ಳಲು ಬಗ್ಗಿದವನು ಬಗ್ಗಿದಂತೆಯೇ ಉಳಿದ. ಸೊಂಟ ಹಿಡಿದುಕೊಂಡಿತ್ತು. ಹಿಡಿದದ್ದು ಅವನ ಸೊಂಟ, ಜೀವ ಹೋದದ್ದು ಅದೇ ತಂಡದ ಕುಬೊಕಿಯದು.

ಕೆಂಡೊ ಪಂದ್ಯದಲ್ಲಿ ಮುಖವಾಡ ತೊಟ್ಟು ಬಿದಿರುಕತ್ತಿ ಹಿಡಿದು ಐವರು ಐವರೊಡನೆ ಒಬ್ಬೊಬ್ಬರಾಗಿ ಸೆಣಸಬೇಕು. ಕುಬೊಕಿ ಯಾವಾಗಲೂ ನಡುವೆ, ಸೋತರೂ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ನಿಲ್ಲುತ್ತಿದ್ದ. ಈಗ ನಾಯಕನ ಪಾಲಿನ ಕೊನೆಯ ಕಾಳಗವನ್ನು ಅವನ ತಲೆಗೆ ಕಟ್ಟಿದರು. ಎದುರಾಳಿ ಪೊಲೀಸ್ ತಂಡದ ಗೊಂದೊ. ಅವನು ಒಮ್ಮೆ ಅಬ್ಬರಿಸಿದರೆ ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು.

"ಈ ಸಲಾನೂ ಸೋತ್ರೆ ಅಭ್ಯಾಸದ ಕೋಣೆಗೆ ಬೀಗ. ನಂಗೆ ಖಾಲಿ ಡಬ್ಬ ಇಡೋಕೆ ಜಾಗ ಇಲ್ಲ," ಎಂದು ಯಜಮಾನ ಹಟ್ಟೋರಿ ಮೊದಲೇ ಹೇಳಿದ್ದರು. ಕುಬೊಕಿಗೆ ಕಪ್ ಬೇಕಿರಲಿಲ್ಲ, ಆ ಕೋಣೆ ಬೇಕಿತ್ತು. ಮನೆಯಲ್ಲಿ ಅತ್ತೆಯೆದುರು, ಕೆಲಸದಲ್ಲಿ ಯಜಮಾನರೆದುರು ತುಟಿ ಬಿಚ್ಚದ ಅವನಿಗೆ ವಾರಕ್ಕೊಮ್ಮೆ ಗಂಟಲು ಹರಿಯುವಂತೆ ಕಿರುಚಲು ಇದ್ದದ್ದು ಅದೊಂದೇ ಜಾಗ.

"ಏನ್ರೀ, ಕತ್ತೀನ ತಲೆಕೆಳಗೆ ಹಿಡ್ಕೊಂಡಿದೀರಿ?" ಎಂದರು ಪ್ಯಾಕಿಂಗ್ ವಿಭಾಗದ ವಾಕಸಾ ಅಕ್ಕ. "ಅಂಗೈ ಮೇಲೆ ಬೆರಳಲ್ಲಿ 'ಮನುಷ್ಯ' ಅಂತ ಮೂರು ಸಲ ಬರೆದು ಗುಳುಂ ಅಂತ ನುಂಗಿಬಿಡಿ. ನೋಡೋಕೆ ಬಂದೋರೆಲ್ಲ ನಿಮ್ಮ ಹೊಟ್ಟೇಲಿ. ಆಮೇಲೆ ಯಾರಿಗೆ ಹೆದರ್ತೀರಿ?"

"ಮೂರು ಸಾಕಾ ಅಕ್ಕಾ?"

"ನಮ್ಮಮ್ಮ ಮದುವೆ ದಿನ ಮೂರೇ ನುಂಗಿದ್ದು."

"ನಿಮ್ಮಮ್ಮ ಗೊಂದೋನ ನೋಡಿರಲಿಲ್ಲ," ಎಂದು ಕುಬೊಕಿ ಬರೆದು ಬರೆದು ನುಂಗತೊಡಗಿದ.

ಅಷ್ಟರಲ್ಲಿ ಯಜಮಾನರು ಬಂದರು. "ಜನಾನ ಕುಂಬಳಕಾಯಿ ಅಂದ್ಕೊಳ್ರೀ, ಭಯ ಆಗಲ್ಲ. ಇನ್ನೊಂದು, ನಿಮ್ಮ ಏಟು ಬಿತ್ತು ಅಂತ ಖುಷಿ ತೋರಿಸೀರಿ ಜೋಕೆ! ಕೈ ಎತ್ತಿದ್ರೆ ಕೊಟ್ಟ ಪಾಯಿಂಟೂ ವಾಪಸ್."

"ಖುಷಿ ನಂಗೆಲ್ಲಿಂದ ಬರ್ಬೇಕು ಸಾರ್?"

ಕುಬೊಕಿ ಬಾಗಿಲಿನಿಂದ ಒಳಗೆ ಇಣುಕಿದ. ಸಭಾಂಗಣದ ತುಂಬ ಕುಂಬಳಕಾಯಿಗಳು, ಎಲ್ಲವೂ ಅವನನ್ನೇ ನೋಡುತ್ತಿದ್ದವು. ಭಯ ದುಪ್ಪಟ್ಟಾಯಿತು. ಹೊಟ್ಟೆ ಗಾಳಿಯಿಂದ ಉಬ್ಬುವವರೆಗೂ ಅಂಗೈ ನುಂಗಿದ. ಅವನನ್ನು ಕರೆಯುವುದಕ್ಕೂ ಅವನಿಗೆ "ಹಿಕ್" ಎಂದು ಬಿಕ್ಕಳಿಕೆ ಬರುವುದಕ್ಕೂ ಸರಿಹೋಯಿತು.

ನಾಲ್ಕು ಕಾಳಗ ಮುಗಿದು ಎರಡು ತಂಡಗಳೂ ಸಮಸಮವಾಗಿದ್ದವು. ಗೊಂದೊ ಅಬ್ಬರಿಸುತ್ತ ಮೇಲೆ ಬಂದ, ಕುಬೊಕಿ ಹಿಂದೆ ಹಿಂದೆ ಸರಿದ. ಇನ್ನೇನು ಅಂಕಣದ ಗೆರೆ ದಾಟಬೇಕು, ಬಿಕ್ಕಳಿಕೆ ಒಳಗಿನಿಂದ ಒದ್ದಂತೆ ಅವನನ್ನು ಮುಂದಕ್ಕೆಸೆಯಿತು. ನೆತ್ತಿಗೆ ಹೊಡೆಯುವವರು ಕೂಗುವ "ಮೆನ್!" ಅನ್ನು ಭಯಕ್ಕೆ ಕಿರುಚಿದ. ಕತ್ತಿ ಹೋಗಿ ಗೊಂದೊನ ನೆತ್ತಿಯ ಮೇಲೆ ಪಟಾರೆಂದಿತು. ತೀರ್ಪುಗಾರರ ಮೂರೂ ಬಾವುಟಗಳು ಮೇಲೆದ್ದವು.

ಅಳು, ನಗು ಎರಡೂ ಒಟ್ಟಿಗೇ ಗಂಟಲಿಗೆ ಬಂದವು. ಕುಬೊಕಿ ಹಲ್ಲು ಕಚ್ಚಿ ಎರಡನ್ನೂ ತಡೆದು ಕಲ್ಲಿನಂತೆ ನಿಂತ. ತಡೆಯಲಾಗದ್ದು ಇನ್ನೊಂದಿತ್ತು. "ಹಿಕ್!" ಬಲಗೈ ತಾನಾಗಿಯೇ ಮುಗಿಲಿಗೆ ಹಾರಿತು. ಗೆದ್ದೆನೆಂದು ಕುಣಿದವನ ಹಾಗೆಯೇ ಕಂಡಿತು. ಪಾಯಿಂಟ್ ರದ್ದಾಯಿತು, ಸಮಯವೂ ಮುಗಿಯಿತು.

ಸಮವಾದರೆ ಪ್ರತಿ ತಂಡದಿಂದ ಒಬ್ಬರು ಮತ್ತೆ ಇಳಿಯಬೇಕು, ಒಂದೇ ಏಟಿಗೆ ತೀರ್ಮಾನ. ಕಾರ್ಖಾನೆಯವರೆಲ್ಲ ಕುಬೊಕಿಯತ್ತ ತಿರುಗಿದರು. ಪೊಲೀಸರು ಗೊಂದೊನ ಬೆನ್ನು ತಟ್ಟಿದರು.

ಕುಬೊಕಿ ಮುಖ ತೊಳೆಯಲು ನಲ್ಲಿಯ ಬಳಿ ಹೋದರೆ ಅಲ್ಲಿ ಗೊಂದೊ ಗೋಡೆಗೆ ಮುಖಮಾಡಿ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದ.

"ನೀವೂನಾ?"

"ಯಾರಿಗೂ ಹೇಳ್ಬೇಡಿ ಮಾರಾಯ್ರೇ," ಎಂದು ಗೊಂದೊ ಪಿಸುಗುಟ್ಟಿದ. "ಮೇಲಧಿಕಾರಿ ಎದುರಿಗೇ ಕೂತಿದಾರೆ, ಭಯ ಆಗ್ತಿದೆ. ನೀವು ಅದೆಂಗೆ ನನ್ನ ತಲೆಗೆ ಹೊಡೆದ್ರಿ? ಏನು ಮಾಡ್ಕೊಂಡು ಬಂದಿದ್ರಿ?"

ಕುಬೊಕಿಯ ತಲೆ ಜೀವನದಲ್ಲೇ ಮೊದಲ ಸಲ ಚುರುಕಾಗಿ ಓಡಿತು. "ಇದನ್ನೇ. ಆದ್ರೆ ಮೂರು ಸಲ ಸಾಲದು. ಹೊಟ್ಟೆ ಉಬ್ಬೋವರೆಗೂ ನುಂಗಬೇಕು."

ಅಷ್ಟು ದೊಡ್ಡ ಆಳು ಮಗುವಿನಂತೆ ಗುಳುಂ ಗುಳುಂ ನುಂಗುವುದನ್ನು ನೋಡಿ ಕುಬೊಕಿಯ ಭಯ ಹಾರಿಹೋಯಿತು. ಜೊತೆಗೆ ಬಿಕ್ಕಳಿಕೆಯೂ ನಿಂತಿತು. ಕುಂಬಳಕಾಯಿಗಳು ಮತ್ತೆ ಮನುಷ್ಯರಾದವು. ನೆಟ್ಟಗೆ ನಡೆದು ಅಂಕಣಕ್ಕಿಳಿದ.

ಇಬ್ಬರೂ ಬಾಗಿ ವಂದಿಸಿದರು. ಎದುರಿನ ಮುಖವಾಡದೊಳಗಿಂದ "ಹಿಕ್" ಕೇಳಿಸಿತು. ಇನ್ನು ಇವನ ಕೈ ಮೇಲೇಳುತ್ತದೆ ಎಂದು ಕುಬೊಕಿ ಒಳಗೊಳಗೇ ನಕ್ಕ. ಬಿಕ್ಕಳಿಕೆ ತನ್ನಿಂದಲೂ ಮೊದಲು ಏಟು ಹೊಡೆಸಿತ್ತು, ಕೈ ಎತ್ತಿಸಿದ್ದು ಆಮೇಲೆ ಎಂಬುದು ಅವನಿಗೆ ಮರೆತೇಹೋಗಿತ್ತು. ನೆನಪಾಗುವಷ್ಟರಲ್ಲಿ ಎರಡನೆಯ "ಹಿಕ್" ಗೊಂದೊನನ್ನು ಮುಂದಕ್ಕೆಸೆದು, ಕುಬೊಕಿಯ ನೆತ್ತಿ ಪಟಾರೆಂದಿತು.

ಮೂರು ಬಾವುಟಗಳು ಎದ್ದವು. 'ಇನ್ನೊಂದು, ಇನ್ನೊಂದೇ ಒಂದು ಬಿಕ್ಕಪ್ಪಾ!' ಎಂದು ಕುಬೊಕಿ ಮನಸ್ಸಿನಲ್ಲೇ ಅಂಗಲಾಚಿದ. ಗೊಂದೊ ಕಂಬದಂತೆ ನಿಂತ, ವಂದಿಸಿದ, ಗೆರೆ ದಾಟಿದ. ಇನ್ನು ಪಾಯಿಂಟ್ ಕಿತ್ತುಕೊಳ್ಳುವಂತಿಲ್ಲ ಎಂದಾದ ಮೇಲೆ "ಹಿಕ್!" ಎಂದು ಕೈ ಎತ್ತಿದ. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಅವನು ಕಣ್ಣೀರು ತುಂಬಿಕೊಂಡು ಓಡಿಬಂದು ಕುಬೊಕಿಗೆ ತಲೆಬಾಗಿದ. "ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ. ಹಿಕ್!"

ಕುಬೊಕಿಗೆ ಗಂಟಲು ಹರಿಯುವಂತೆ ಕಿರುಚಬೇಕೆನಿಸಿತು, ಬಾಯಿ ತೆರೆದ. ಪಕ್ಕದಲ್ಲೇ ಯಜಮಾನರು, "ನಾಳೆ ಬೆಳಿಗ್ಗೇನೇ ಡಬ್ಬ ಎಲ್ಲ ಆ ಕೋಣೆಗೆ ಸಾಗಿಸಿ," ಎನ್ನುತ್ತಿದ್ದರು. ಬಾಯಿ ಮುಚ್ಚಿಕೊಂಡ.