ಹುಳುಮನೆಗೆ ಗಾಳಿ ಮೀಟರು ತಂದದ್ದು

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನಿಗೆ ಗಾಳಿ ಅಳೆಯುವುದೇನು ಮಹಾ! ಹಾಗಂದುಕೊಂಡೇ ಆ ಮೀಟರನ್ನು ಆನ್‌ಲೈನಿನಲ್ಲಿ ತರಿಸಿದೆ. ಅಂಗೈಯಗಲದ ಬಿಳಿ ಡಬ್ಬಿ. ಗಾಳಿ ಚೆನ್ನಾಗಿದ್ದರೆ ಹಸಿರು ದೀಪ. ಹೊಗೆ, ಧೂಳು ಇದ್ದರೆ ಕೆಂಪು.

ಬೈರಾಪಟ್ಟಣದ ನಮ್ಮ ಮನೆಯ ಹಿಂದೆಯೇ ಹುಳುಮನೆ. ನನ್ನ ಹೆಂಡತಿ ಜಯಮ್ಮನ ರೇಷ್ಮೆಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ಕಳೆದು ಎದ್ದಿದ್ದವು. ಇನ್ನು ನಾಲ್ಕೈದು ದಿನ ಹೊಟ್ಟೆತುಂಬ ಸೊಪ್ಪು ತಿಂದರೆ ಗೂಡು ಕಟ್ಟುತ್ತವೆ. ಈ ಹೊತ್ತಿನಲ್ಲಿ ಗಾಳಿ ಕೆಟ್ಟರೆ ಅವಳು ತಿಂಗಳಿಡೀ ಪಟ್ಟ ಪಾಡೆಲ್ಲ ನೀರುಪಾಲು.

ನಮ್ಮವ್ವನ ಕಾಲದಲ್ಲಿ ಮೀಟರು ಎಲ್ಲಿತ್ತು? ಆಗ ಹುಳುಗಳೂ ನಾವೂ ಒಂದೇ ಸೂರಿನಡಿ ಇದ್ದೆವು. ಅವ್ವ ಬಾಗಿಲು ತೆರೆದು, ಹೊಸ್ತಿಲಲ್ಲಿ ನಿಂತು ಒಂದು ಉಸಿರು ಎಳೆದುಕೊಳ್ಳುವಳು. ಆಮೇಲೆ ಕಿವಿಗೊಡುವಳು. ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆಮಳೆಯ ಹಾಗೆ ಕೇಳಿದರೆ ಸರಿ. ತೆಳುವಾಯಿತೋ, "ಯಾರದು ಬೀಡಿ ಸೇದ್ಕಂಡ್ ಒಳೀಕ್ ಬಂದದ್ದು?" ಎಂದು ಗುಡುಗುವಳು. ಅಪ್ಪನನ್ನಂತೂ ಹೊಸ್ತಿಲಲ್ಲೇ ನಿಲ್ಲಿಸಿ, ಮೂಸಿ, ವಾಪಸ್ ಕಳಿಸುವಳು. ಆ ಸದ್ದು ಕೇಳುತ್ತ ಮಲಗಿದ ಸುಖ ನನಗೆ ಆಮೇಲೆ ಯಾವ ಹಾಸಿಗೆಯಲ್ಲೂ ಸಿಗಲಿಲ್ಲ.

ಸರಿ, ಹೊಸ ಯಂತ್ರವನ್ನು ಪೂಜೆ ಮಾಡದೆ ಬಳಸುವುದುಂಟೆ? ನಮ್ಮ ಮನೆಯ ಸೈಕಲ್ಲು, ಮಿಕ್ಸಿ ಎಲ್ಲಕ್ಕೂ ಆಗಿದೆ. ಮೀಟರಿನ ಮುಖಕ್ಕೂ ಮೂರು ಬೆರಳಲ್ಲಿ ಧಾರಾಳವಾಗಿ ವಿಭೂತಿ ಎಳೆದು, ಕುಂಕುಮವಿಟ್ಟು, ಊದುಬತ್ತಿ ಬೆಳಗಿ ಗುಂಡಿ ಒತ್ತಿದೆ. ಕೆಂಪು! ಊದುಬತ್ತಿ ಆರಿಸಿ ಕಾದೆ. ಆಗಲೂ ಕೆಂಪು!

ಜಯಮ್ಮ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದಳು. ಹಾಗಾಗಿ ತನಿಖೆಯ ಭಾರ ನನ್ನೊಬ್ಬನ ಹೆಗಲಿಗೆ ಬಿತ್ತು. ಪಕ್ಕದ ಮನೆ ಸಿದ್ದೇಗೌಡನ ಬಚ್ಚಲೊಲೆಯಿಂದ ಹೊಗೆ ಏಳುತ್ತಿತ್ತು. ಸಿಕ್ಕಿಬಿದ್ದ ಅಪರಾಧಿ! ಒಂದು ಕೊಡ ನೀರು ತಂದು ಒಲೆಗೆ ಸುರಿದೆ. ಮೈಗೆಲ್ಲ ಹರಳೆಣ್ಣೆ ಹಚ್ಚಿಕೊಂಡಿದ್ದ ಸಿದ್ದೇಗೌಡ ಓಡಿಬಂದ.

"ಏನ್ ಮೇಷ್ಟ್ರೇ, ನನ್ ಎಣ್ಣೆ ಸ್ನಾನಕ್ಕೆ ಕಲ್ ಹಾಕ್ಬುಟ್ರಲ್ಲಾ!"

"ಗಾಳಿ ಕೆಟ್ಟೋಗೈತೆ ಕಣ್ಲಾ. ನೋಡು, ಕೆಂಪು!"

"ಒಲೆ ಆರೋಯ್ತಲ್ಲ, ಇನ್ನೂ ಯಾಕ್ ಕೆಂಪಗೈತೆ?"

ಪ್ರಶ್ನೆ ಚೆನ್ನಾಗಿತ್ತು. ಉತ್ತರ ಹುಡುಕಿಕೊಂಡು ಕೆರೆ ಏರಿಗೆ ಹೋದೆ. ಕೆಂಪು. ಹೊಂಗೆ ಮರದ ಕೆಳಗೂ ಕೆಂಪು. ಬಸವಣ್ಣನ ಗುಡಿ ಮುಂದೆಯೂ ಕೆಂಪು! ಸಮಸ್ತ ಬೈರಾಪಟ್ಟಣವು ಉಸಿರಾಟಕ್ಕೆ ಅಯೋಗ್ಯವೆಂದು ಅಲ್ಲೇ ನಿಂತು ತೀರ್ಮಾನಿಸಲಾಯಿತು. ಹುಳುಗಳನ್ನಾದರೂ ಉಳಿಸಬೇಕಲ್ಲ! ಓಡಿಬಂದು ಹುಳುಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಸಂದುಗೊಂದಿಗೆ ಗೋಣಿಚೀಲ ತುರುಕಿದೆ.

ಮಧ್ಯಾಹ್ನ ಜಯಮ್ಮ ಬಂದು, ಸೊಪ್ಪಿನ ಹೊರೆ ಇಳಿಸಿ ಬಾಗಿಲು ತೆರೆದಳು. ಹೊಸ್ತಿಲಲ್ಲಿ ನಿಂತು ಒಂದು ಉಸಿರು ಎಳೆದುಕೊಂಡಳು. ಥೇಟ್ ಅವ್ವ! ಒಳಗಿಂದ ಮಾತ್ರ ಸದ್ದೇ ಇಲ್ಲ.

"ಏನ್ರೀ ಮಾಡಿಟ್ಟಿದ್ದೀರಾ? ಹುಳಕ್ಕೆ ಉಸ್ರು ಕಟ್ಟೈತೆ! ತೆಗೀರಿ ಕಿಟ್ಕಿಯ!"

ಕಿಟಕಿ ತೆಗೆದು, ಗೋಣಿಚೀಲ ಕಿತ್ತೆಸೆದು, ಹೊಸ ಸೊಪ್ಪು ಹರಡಿ ಇಬ್ಬರೂ ಹೊಸ್ತಿಲಲ್ಲಿ ಕೂತೆವು. ಎಷ್ಟು ಹೊತ್ತಾದರೂ ಏನಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಅಳು ಬಂದಿತ್ತು. ಅವ್ವ ಇದ್ದಿದ್ದರೆ ನನ್ನನ್ನು ಸುಮ್ಮನೆ ಬಿಡುತ್ತಿದ್ದಳೇ! ಕೊನೆಗೆ ಹುಳುಗಳ ಒಂದು ತಟ್ಟೆಯಲ್ಲಿ ಚರಚರ ಶುರುವಾಯಿತು. ಆಮೇಲೆ ಪಕ್ಕದ್ದರಲ್ಲಿ. ನೋಡನೋಡುತ್ತಲೇ ಹುಳುಮನೆ ತುಂಬ ಸೋನೆಮಳೆ ಹಿಡಿಯಿತು.

ಆಗ ಜಯಮ್ಮನ ಕಣ್ಣು ಮೀಟರಿನ ಮೇಲೆ ಬಿತ್ತು.

"ಇದಕ್ ಯಾಕ್ರೀ ವಿಭೂತಿ ಬಳ್ದಿದ್ದೀರಿ? ಪಾಪ, ಮೂಗ್ ತುಂಬ ಬೂದಿ ತುಂಬ್ಕಂಡೈತೆ!"

ನಾನು ವಿಭೂತಿ ಎಳೆದಿದ್ದು ಸರಿಯಾಗಿ ಮೀಟರು ಗಾಳಿ ಎಳೆದುಕೊಳ್ಳುವ ತೂತುಗಳ ಮೇಲೆ! ಅವಳು ಸೆರಗಿನಿಂದ ಒರೆಸಿ, ಒಂದು ಸಲ ಉಫ್ ಎಂದು ಊದಿದಳು. ಒಂದೆರಡು ನಿಮಿಷದಲ್ಲಿ ಹಸಿರು.

ಕಾಂಪೌಂಡಿನಾಚೆಯಿಂದ ದನಿ ಬಂತು: "ಮೇಷ್ಟ್ರೇ, ಈಗ್ಲಾದ್ರೂ ಒಲೆ ಹಚ್ಬೋದಾ? ಎಣ್ಣೆ ಮೈಯಾಗೇ ಕುಂತಿವ್ನಿ!"

ಮೀಟರನ್ನು ಬೀರುವಿಗೆ ಸೇರಿಸಿದ್ದೇನೆ. ಈಗ ಹುಳುಮನೆಗೆ ಹೋಗುವಾಗ ಅಪ್ಪ ನಿಲ್ಲುತ್ತಿದ್ದ ಹಾಗೆಯೇ ನಾನೂ ಹೊಸ್ತಿಲಲ್ಲಿ ನಿಲ್ಲಬೇಕು. ಜಯಮ್ಮ ಮೂಸಿ ನೋಡಿ "ಹೂಂ" ಅಂದರೆ ಮಾತ್ರ ಪ್ರವೇಶ. ನಿನ್ನೆ ಒಸಿ ಪೌಡರ್ ಹಚ್ಚಿಕೊಂಡಿದ್ದೆ.

ಫೇಲು!