ಅನಾಥರ ಅಭಾವ

ಅನಾಥಾಲಯದಲ್ಲಿ ಅನಾಥರ ತೀವ್ರ ಅಭಾವ ತಲೆದೋರಿರುವ ಸಂಗತಿಯನ್ನು ಲೆಕ್ಕದ ಮೇಡಂ ಅವರಿಗೆ ವಿಮಾನ ನಿಲ್ದಾಣದಲ್ಲೇ ವಿಷಾದಪೂರ್ವಕವಾಗಿ ತಿಳಿಸಲಾಯಿತು. ತಿಳಿಸಿದವರು ಮಿಷನ್ನಿನ ಸೇವಾ ವಿಭಾಗದ ಮುಖ್ಯಸ್ಥರಾದ ಫಾದರ್. ಅವರು ಒಂದು ಕೈಯಲ್ಲಿ ಹೂಗುಚ್ಛ, ಇನ್ನೊಂದು ಕೈಯಲ್ಲಿ ಸೇವೆಯ ಸರದಿಯ ಟೋಕನ್ ಹಿಡಿದು ನಿಂತಿದ್ದರು.

"ಮುಂಚೇನೇ ಹೇಳಬೇಕು ಅಂದುಕೊಂಡೆ. ಆದರೆ ಸೇವೆಗೆ ಬರೋರನ್ನ ಬೇಡ ಅನ್ನೋದು ನಮ್ಮ ಧರ್ಮ ಅಲ್ಲ. ಶುಲ್ಕ ವಾಪಸ್ ಕೊಡೋದು ನಮ್ಮ ಪದ್ಧತಿ ಅಲ್ಲ," ಎಂದರು ಫಾದರ್.

ಮೇಡಂ ಒಂದು ಆಯಸ್ಸಿನಷ್ಟು ಗಣಿತ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಮಗ, ಸೊಸೆ ಇಬ್ಬರೂ ತುಂಬಾ ಒಳ್ಳೆಯವರು. ತೊಂದರೆ ಇದ್ದದ್ದೇ ಅಲ್ಲಿ. ಲೋಟ ತೊಳೆಯಹೋದರೆ "ನೀವು ಕೂತ್ಕೊಳ್ಳಿ" ಅನ್ನುವರು, ಎದ್ದು ನಿಂತರೆ "ಯಾಕೆ ಎದ್ರಿ" ಅನ್ನುವರು. ಕೂತೂ ಕೂತೂ ರೋಸಿಹೋಗಿದ್ದಾಗ, ಸಮುದ್ರದಾಚೆಯ ಈ ಕಥೋಲಿಕ ಮಿಷನ್ನಿನ ಜಾಹೀರಾತು ಕಣ್ಣಿಗೆ ಬಿತ್ತು: ಶಾಲಾ ಮಕ್ಕಳಿಗೂ ಅನಾಥರಿಗೂ ನಿಮ್ಮ ಅಗತ್ಯವಿದೆ. ಅಗತ್ಯವಿದೆ ಎಂಬ ಮಾತನ್ನು ಅವರಿಗೆ ಯಾರಾದರೂ ಹೇಳಿ ಬಹಳ ಕಾಲವಾಗಿತ್ತು. ಅಂದೇ ಪೆಟ್ಟಿಗೆ ಕಟ್ಟಿದರು.

ವ್ಯಾನಿನಲ್ಲಿ ಫಾದರ್ ಪರಿಸ್ಥಿತಿಯನ್ನು ವಿವರಿಸಿದರು. ಜಾಹೀರಾತು ನಿರೀಕ್ಷೆಗೂ ಮೀರಿ ಫಲಿಸಿತ್ತು. ದೇಶದೇಶಗಳಿಂದ ಸ್ವಯಂಸೇವಕರು ಬಂದು ಹಾಸಿಗೆ ಸಾಲದೆ ವರಾಂಡದಲ್ಲಿ ಮಲಗುತ್ತಿದ್ದರು. ಮಕ್ಕಳ ಸಂಖ್ಯೆಯೋ ಕುಸಿಯುತ್ತಲೇ ಇತ್ತು.

"ಈ ವರ್ಷ ಎಷ್ಟೋ ಮಕ್ಕಳನ್ನ ಅವರ ಚಿಕ್ಕಮ್ಮ, ಸೋದರತ್ತೆಯರು ಬಂದು ಕರ್ಕೊಂಡು ಹೋಗಿಬಿಟ್ಟರು," ಎಂದು ಫಾದರ್ ಕಿಟಕಿಯಾಚೆ ನೋಡಿದರು. "ಪ್ರೀತಿಯಿಂದ ಕರೀತಾರೆ. ತಡೆಯೋಕಾಗುತ್ತಾ ಹೇಳಿ."

ಅನಾಥಾಲಯದ ಊಟದ ಕೋಣೆಯಲ್ಲಿ ಗಾಜಿನ ಚೌಕಟ್ಟು ಹಾಕಿದ ಒಂದು ಪ್ರಕಟಣೆ ತೂಗುತ್ತಿತ್ತು. ಒಂದೇ ಬೆಳಿಗ್ಗೆ ಒಂದು ಮಗುವಿನ ಹಲ್ಲನ್ನು ಇಬ್ಬರಿಗಿಂತ ಹೆಚ್ಚು ಸ್ವಯಂಸೇವಕರು ಉಜ್ಜತಕ್ಕದ್ದಲ್ಲ. ಕಟ್ಟಿದ ಶೂ ಲೇಸನ್ನು ಸೇವೆಯ ನಿಮಿತ್ತ ಬಿಚ್ಚುವುದನ್ನು ನಿಷೇಧಿಸಲಾಗಿದೆ. ಅಳದೆ ಇರುವ ಮಗುವನ್ನು ಸಮಾಧಾನಪಡಿಸುವಂತಿಲ್ಲ. ಅಳಿಸಿ ಸಮಾಧಾನಪಡಿಸುವವರ ಟೋಕನ್ ರದ್ದಾಗುವುದು.

ಮೇಡಂ ಸರದಿ ಬರುವ ಹೊತ್ತಿಗೆ ಅವರ ಉತ್ಸಾಹದ ಇಸ್ತ್ರಿ ಮುದುರಿಹೋಗಿತ್ತು. ಅವರ ಪಾಲಿಗೆ ಬಂದವಳು ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗಿ. ಎಲ್ಲರೂ ಅವಳನ್ನು ಬೊಕ್ಕಿ ಅನ್ನುತ್ತಿದ್ದರು. ಬಂದವಳೇ ಬೆಂಚಿನ ಮೇಲೆ ಕೂತು, ಕ್ಷೌರಕ್ಕೆ ತಲೆ ಒಪ್ಪಿಸುವವರಂತೆ ಕತ್ತು ಸಡಿಲಿಸಿದಳು.

"ಲೆಕ್ಕಾನಾ? ಸರಿ. ಬೇಗ ಬರಬೇಕಾ, ನಿಧಾನಕ್ಕೆ ಬರಬೇಕಾ?"

"ಏನು ಬರೋದು?"

"ನನಗೆ ಲೆಕ್ಕ. ಕೆಲವರಿಗೆ ಬೇಗ ಬಂದುಬಿಟ್ಟರೆ ಬೇಜಾರಾಗುತ್ತೆ."

ಮೇಡಂ ಒಂದು ಭಾಗಾಕಾರ ಕೊಟ್ಟರು. ಹುಡುಗಿ ಹುಬ್ಬು ಗಂಟಿಕ್ಕಿ, ಪೆನ್ಸಿಲ್ ಕಚ್ಚಿ, ತಲೆ ಕೆರೆದು, ಬಹಳ ಅಚ್ಚುಕಟ್ಟಾಗಿ ತಪ್ಪು ಉತ್ತರ ಬರೆದಳು. ತಪ್ಪುಗಳ ನಡುವೆಯೇ ಕೂದಲು ನೆರೆಸಿಕೊಂಡಿದ್ದ ಮೇಡಂ ಅದನ್ನು ನಂಬಲಿಲ್ಲ.

"ನಿನಗೆ ಇದು ಬರುತ್ತೆ."

"ಬರುತ್ತೆ. ಯಾರಿಗೂ ಹೇಳಬೇಡಿ," ಎಂದು ಹುಡುಗಿ ದನಿ ತಗ್ಗಿಸಿದಳು. "ಬರುತ್ತೆ ಅಂದುಬಿಟ್ರೆ ನೀವೆಲ್ಲ ಎಲ್ಲಿಗೆ ಹೋಗ್ತೀರಿ, ಪಾಪ."

"ಸಾಯಂಕಾಲ ಆಟ ಆಡಲ್ವಾ ನೀನು?"

"ಟೈಮೆಲ್ಲಿದೆ? ಇನ್ನೂ ಹಲ್ಲಿನ ಡಾಕ್ಟರನ್ನ ನೋಡ್ಕೋಬೇಕು. ವಾರದಿಂದ ಒಂದು ಬಾಯೂ ಸಿಕ್ಕಿಲ್ಲ ಅಂತ ಮೆಟ್ಟಿಲ ಮೇಲೆ ಕೂತು ಅಳ್ತಿದಾರೆ."

ಅವಳು ಹೋಗಿ ಆ ದಂತವೈದ್ಯರ ಮುಂದೆ ನಿಂತು ಬಾಯಿ ತೆರೆದಳು. ವೈದ್ಯರು ಕಣ್ಣೊರೆಸಿಕೊಂಡರು. ಅಂಗಳದಲ್ಲಿ ಒಂದು ಚೆಂಡು ತನ್ನ ಪಾಡಿಗೆ ಬಿದ್ದಿತ್ತು. ಇಷ್ಟು ದೂರ ಬಂದು ತಾನು ಮಾಡಿದ್ದು ಒಂದು ಮಗುವಿನ ಆಟ ಕಿತ್ತುಕೊಂಡದ್ದು ಎಂದು ಮೇಡಂಗೆ ಹೊಳೆಯಿತು. ಅವರು ನೇರವಾಗಿ ಫಾದರ್ ಕೋಣೆಗೆ ನುಗ್ಗಿದರು.

"ಫಾದರ್, ನಿಮ್ಮ ನಿಯಮದ ಪ್ರಕಾರ ಅನಾಥರು ಅಂದರೆ ಯಾರು?"

ಫಾದರ್ ಕನ್ನಡಕ ಏರಿಸಿ, ಬಾಯಿಪಾಠ ಬಂದಿದ್ದನ್ನೇ ಹೇಳಿದರು: "ಈ ದೇಶದೊಳಗೆ ತಂದೆ ತಾಯಿ ಇಲ್ಲದ, ಬಂಧುಗಳಾರೂ ಜೊತೆಯಲ್ಲಿರದ, ಮಿಷನ್ನಿನ ಸೂರಿನಡಿ ಮಲಗುವ ಯಾವುದೇ ವ್ಯಕ್ತಿ."

"ವ್ಯಕ್ತಿ. ಮಗು ಅಂತ ಇಲ್ಲ."

"ಇಲ್ಲ."

"ಹಾಗಾದರೆ ನಾನು?"

ಚಹಾ ತಂದಿದ್ದ ಅಡುಗೆಮನೆಯ ಸಿಸ್ಟರ್ ತಟ್ಟೆ ಕೆಳಗಿಟ್ಟು, "ಅಯ್ಯೋ ನನ್ನ ಕಂದಾ!" ಎಂದು ಮೇಡಂ ಅವರನ್ನು ಅಪ್ಪಿಕೊಂಡರು. ಅಲ್ಲಿಗೆ ದಾಖಲಾತಿ ಮುಗಿಯಿತು.

ಮರುದಿನ ಬೆಳಿಗ್ಗೆ ಮೇಡಂ ಸುತ್ತ ನೂಕುನುಗ್ಗಲು. ದಂತವೈದ್ಯರಿಗೆ ಅವರ ಬಾಯಿ ಸಿಕ್ಕಿತು. ಅದರಲ್ಲಿ ಕೆಲಸವೂ ಬೇಕಾದಷ್ಟಿತ್ತು. ಒಬ್ಬ ಎಳೆಯ ಬ್ಯಾಂಕ್ ಗುಮಾಸ್ತ ಅವರಿಗೆ ಕೂಡುವ ಲೆಕ್ಕ ಹೇಳಿಕೊಟ್ಟ. ಮೇಡಂ ನಿಧಾನವಾಗಿ ಕಲಿತರು. ಹುಡುಗನ ಮುಖ ಅರಳಿತು. ದಾದಿಯೊಬ್ಬಳು ಹಿಂದೆ ಕೂತು ತಲೆ ಬಾಚಿದಳು. ಅಮ್ಮ ಹೋದ ಮೇಲೆ ಆ ತಲೆಗೆ ಬೇರೆಯವರ ಬಾಚಣಿಗೆ ತಾಕಿರಲಿಲ್ಲ. ಮೇಡಂ ಗೋಡೆಯತ್ತ ಮುಖ ತಿರುಗಿಸಿದರು. ಅಳುವ ಅನಾಥೆಯೊಬ್ಬರು ಸಿಕ್ಕಿದ ಸುದ್ದಿ ಹಬ್ಬಿ, ಸಮಾಧಾನಕ್ಕೆ ವರಾಂಡದ ತುದಿಯವರೆಗೆ ಸಾಲು ಬೆಳೆಯಿತು.

ವಾರ ಕಳೆಯುವಷ್ಟರಲ್ಲಿ ಸ್ವಯಂಸೇವಕರೆಲ್ಲ ಪಾಳಿಯ ಮೇಲೆ ಅನಾಥರಾಗತೊಡಗಿದರು: ಬೆಳಿಗ್ಗೆ ಸೇವೆ ಮಾಡುವುದು, ಮಧ್ಯಾಹ್ನದ ಮೇಲೆ ಮಾಡಿಸಿಕೊಳ್ಳುವುದು. ನಿಜವಾದ ಮಕ್ಕಳನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ತಿಳಿಯದೆ ಫಾದರ್ ಅವರನ್ನು ಅಂಗಳಕ್ಕೆ ಬಿಟ್ಟರು. ಬೊಕ್ಕಿ ಚೆಂಡನ್ನು ಒದ್ದ ರಭಸಕ್ಕೆ ಅದು ಊಟದ ಕೋಣೆಗೆ ನುಗ್ಗಿ ಪ್ರಕಟಣೆಯ ಗಾಜು ಒಡೆಯಿತು. ಅದರ ಬಗ್ಗೆ ಯಾವ ನಿಯಮವೂ ಇರಲಿಲ್ಲವಾದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿದರು.

ಕೇಂದ್ರ ಕಚೇರಿಗೆ ಪರಮಾನಂದವಾಯಿತು. ಅನಾಥರ ಸಂಖ್ಯೆ ಏಕಾಏಕಿ ಏರಿದ್ದು ಮಿಷನ್ನಿನ ಇತಿಹಾಸದಲ್ಲೇ ಮೊದಲು. ದಾನಿಗಳು ಹೊಸ ವಸತಿಗೃಹ ಮಂಜೂರು ಮಾಡಿದರು. ಪರಿಶೀಲನೆಗೆ ಬಂದ ಬಿಷಪ್ ಮೇಡಂ ಅವರ ತಲೆ ಸವರಿ, "ದೊಡ್ಡವಳಾದ ಮೇಲೆ ಏನಾಗ್ತೀಯಮ್ಮಾ?" ಎಂದು ವಿಚಾರಿಸಿದರು. ಮೇಡಂ ವಿನಯದಿಂದ, "ಇನ್ನೂ ಯೋಚಿಸಿಲ್ಲ" ಎಂದರು.

ಅಷ್ಟರಲ್ಲಿ ಊರಿಂದ ಮಗನ ಫೋನು ಬಂತು. ಮನೆ ಬಣಗುಟ್ಟುತ್ತಿದೆ, ಅಮ್ಮನನ್ನು ಕಳಿಸಿಕೊಡಿ ಎಂದ.

"ಹಾಗೆಲ್ಲ ಕಳಿಸೋಕಾಗಲ್ಲಪ್ಪ," ಎಂದರು ಫಾದರ್. "ಕಾನೂನು ಪ್ರಕಾರ ದತ್ತು ತಗೋಬೇಕು. ನಮ್ಮೋರು ಬಂದು ಮನೆ ನೋಡ್ತಾರೆ. ಮೊದಲೇ ಹೇಳಿರ್ತೀನಿ, ಈ ವಯಸ್ಸಿನ ಮಕ್ಕಳು ಬೇಗ ಹೊಂದಿಕೊಳ್ಳಲ್ಲ."

"ಗೊತ್ತು ಫಾದರ್. ಅನುಭವ ಇದೆ."

ಪರಿಶೀಲನಾ ತಂಡ ಹೋಗಿ ಮನೆ ನೋಡಿತು. ಗಾಳಿ ಬೆಳಕು ತೃಪ್ತಿಕರ. ಮಗುವಿಗೆ ಮನೆಯಲ್ಲಿ ಏನಾದರೂ ಕೆಲಸ ಕೊಡತಕ್ಕದ್ದು, ದಿನಾ ಸಂಜೆ ಜೊತೆಯಲ್ಲಿ ಕೂತು ಮಾತಾಡತಕ್ಕದ್ದು ಎಂದು ಷರತ್ತು ಹಾಕಿತು. ಮಗ, ಸೊಸೆ ಒಪ್ಪಿ ಸಹಿ ಹಾಕಿದರು. ಕೊನೆಗೆ ಮಗುವಿನ ಅಭಿಪ್ರಾಯ ಕೇಳುವುದು ಕಡ್ಡಾಯವಾದ್ದರಿಂದ ಫಾದರ್ ಫೋನನ್ನು ಮೇಡಂ ಕೈಗೆ ಕೊಟ್ಟರು.

"ಅಮ್ಮಾ, ನಮ್ಮನೆಗೆ ಬರ್ತೀಯಾ?"

"ನೋಡೋಣ," ಎಂದರು ಮೇಡಂ. "ಇನ್ನೊಂದು ಮನೆಯವರೂ ಬಂದು ನನ್ನ ನೋಡ್ಕೊಂಡು ಹೋಗಿದಾರೆ. ಜನ ಒಳ್ಳೆಯವರ ಥರ ಕಂಡ್ರು."

ಮಗ ಅಂದೇ ಸಂಜೆ ಅವರ ಕೋಣೆಗೆ ಹೊಸ ಪರದೆ ಹಾಕಿಸಿದ.